ಬದನೆಕಾಯಿಗೆ ಬೈಯೋ ಮುಂಚೆ ಚಪ್ಪಲಿ ನೋಡಿ

ನಮ್ಮ ಕಡೆ ಮೈ ತುರಿಸಿದರೆ ಮೊದಲು ಬೈಸಿಕೊಳ್ಳೋದು ಬದನೆಕಾಯಿ. ಆಮೇಲೆ ಕಡಲೆಬೀಜ, ಹುಣಿಸೆಹಣ್ಣು. ಮೀನು ತಿನ್ನೋರ ಮನೆಯಾದರೆ ಒಣಮೀನು. "ನಂಜಿನ ಪದಾರ್ಥ ತಿಂದಿದ್ದಾಳೆ, ಅದಕ್ಕೇ" ಅಂತ ಮನೆಯ ಹಿರಿಯರು ತೀರ್ಪು ಕೊಟ್ಟುಬಿಟ್ಟರೆ ಮುಗೀತು, ಮಾರನೆ ದಿನದಿಂದಲೇ ಪಥ್ಯ ಶುರು. ಒಂದು ತಿಂಗಳು ಸಪ್ಪೆ ಸಾರು ಉಂಡರೂ ತುರಿಕೆ ಹೋಗಲಿಲ್ಲ ಅಂದರೆ "ರಕ್ತ ಕೆಟ್ಟಿದೆ" ಅಂತ ಇನ್ನೊಂದು ತೀರ್ಪು. ಅದೂ ಆಗಲಿಲ್ಲ ಅಂದರೆ "ಉಷ್ಣ".

ತಿಂದ ಪದಾರ್ಥದಿಂದ ಅಲರ್ಜಿ ಆಗೋದೇ ಇಲ್ಲ ಅಂತ ನಾನು ಹೇಳ್ತಿಲ್ಲ. ಆಗುತ್ತೆ. ಆದರೆ ಅದು ಸಾಮಾನ್ಯವಾಗಿ ತಿಂದ ಸ್ವಲ್ಪ ಹೊತ್ತಿಗೇ ಮೈಯಲ್ಲಿ ಅಲ್ಲಲ್ಲಿ ಗಂಧೆಗಳಾಗಿ ಏಳುತ್ತೆ, ಕೆಲವು ಗಂಟೆಗಳಲ್ಲಿ ಇಳಿಯುತ್ತೆ. ಒಂದೇ ಜಾಗದಲ್ಲಿ, ಒಂದೇ ಆಕಾರದಲ್ಲಿ, ವಾರಗಟ್ಟಲೆ ಕೂತು ನೀರಾಡಿ, ಒಣಗಿ, ಬಿರುಕು ಬಿಡುತ್ತಲ್ಲ, ಆ ತುರಿಕೆಯ ಕಥೆ ಬೇರೆ. ಅದಕ್ಕೆ ಊಟದ ತಟ್ಟೆ ನೋಡೋದಕ್ಕಿಂತ ಮೊದಲು ಚರ್ಮಕ್ಕೆ ಏನು ತಾಗ್ತಿದೆ ಅಂತ ನೋಡಬೇಕು.

ಜಾಗ ನೋಡಿದರೆ ಅರ್ಧ ಉತ್ತರ ಸಿಗುತ್ತೆ. ಪಾದದ ಮೇಲೆ ಚಪ್ಪಲಿಯ ಬಾರು ಕೂರುವಲ್ಲಿ ಮಾತ್ರ ಇಸಬು ಇದ್ದರೆ ಚಪ್ಪಲಿಯನ್ನು ಅನುಮಾನಿಸಬೇಕು. ಸೊಂಟದ ಸುತ್ತ ಲಾಸ್ಟಿಕ್‌ನಷ್ಟೇ ಅಗಲದ ಪಟ್ಟಿ ಕೆಂಪಾಗಿದ್ದರೆ ಲಾಸ್ಟಿಕ್ಕು. ಮಣಿಕಟ್ಟಿನ ಸುತ್ತ ಗೆರೆ ಎಳೆದ ಹಾಗೆ ನಿಂತಿದ್ದರೆ ಗ್ಲೌಸು ಅಥವಾ ವಾಚಿನ ಪಟ್ಟಿ. ಹೊಕ್ಕುಳ ಕೆಳಗೆ ರೂಪಾಯಿ ಅಗಲದ ಕಜ್ಜಿ ಇದ್ದರೆ ಜೀನ್ಸ್ ಪ್ಯಾಂಟಿನ ಗುಂಡಿಯಲ್ಲಿರುವ ನಿಕಲ್. ಇಷ್ಟು ನೋಡೋದಕ್ಕೆ ಡಾಕ್ಟರೇ ಬೇಕಿಲ್ಲ, ಮನೆಯವರೇ ನೋಡಬಹುದು.

ನಮ್ಮ ಬೀದಿಯಲ್ಲಿ ಐದು ಮನೆಗೆ ಪಾತ್ರೆ ತೊಳೆಯೋಕೆ, ನೆಲ ಒರೆಸೋಕೆ ಬರೋ ಅಕ್ಕ ಒಬ್ಬರಿದ್ದಾರೆ. ಹದಿನೈದು ವರ್ಷದಿಂದ ಇದೇ ಕೆಲಸ. ಪಾತ್ರೆ ಸೋಪು, ಬ್ಲೀಚಿಂಗ್ ಪುಡಿ, ಬಾತ್‌ರೂಮ್ ಆಸಿಡ್ಡು ಎಲ್ಲದರಲ್ಲೂ ಅವರ ಕೈ ದಿನವಿಡೀ ನೆನೀತಾ ಇತ್ತು. ಬೆರಳ ಸಂದಿಯಲ್ಲಿ ಚರ್ಮ ಬಿರಿದಿತ್ತು. ಇದನ್ನು ನೋಡಲಾರದೆ ಒಂದು ಮನೆಯವರು ಹಳದಿ ಬಣ್ಣದ ರಬ್ಬರ್ ಗ್ಲೌಸ್ ತಂದುಕೊಟ್ಟರು. ಒಳ್ಳೆ ಮನಸ್ಸಿನಿಂದಲೇ ಕೊಟ್ಟಿದ್ದು. ಮೊದಲ ಎರಡು ವಾರ ಕೈ ಎಷ್ಟೋ ವಾಸಿಯಾಗಿತ್ತು. ಮೂರನೇ ವಾರದಿಂದ ಶುರುವಾಯ್ತು ನೋಡಿ, ಅಂಗೈಯ ಹಿಂಭಾಗವೆಲ್ಲ ಸಣ್ಣ ಸಣ್ಣ ನೀರುಗುಳ್ಳೆ, ರಾತ್ರಿಯೆಲ್ಲ ತುರಿಕೆ. ಗ್ಲೌಸ್ ಎಲ್ಲಿ ಮುಗಿಯುತ್ತೋ ಅಲ್ಲಿಗೆ ತುರಿಕೆಯೂ ನಿಂತಿತ್ತು.

ಎರಡು ಮನೆಯವರು "ಅಂಟೋ ಕಾಯಿಲೆ ಇರಬಹುದು, ವಾಸಿಯಾದ ಮೇಲೆ ಬಾ" ಅಂತ ಹೇಳಿ ಬೇರೆಯವರನ್ನು ಇಟ್ಟುಕೊಂಡರು. ಐದರಲ್ಲಿ ಎರಡು ಮನೆ ಹೋಯ್ತು ಅಂದರೆ ಅವರ ಲೆಕ್ಕದಲ್ಲಿ ಮಗನ ಬಸ್‌ಪಾಸೂ ಹೋಯ್ತು, ಚೀಟಿ ಕಂತೂ ಹೋಯ್ತು. "ಕೈ ಉರಿ ತಡೀಬಹುದು ಅಕ್ಕಾ, ನನ್ನ ಕೈ ಮುಟ್ಟಿದ ಲೋಟ ಪಕ್ಕಕ್ಕಿಡ್ತಾರಲ್ಲ, ಅದು ತಡೆಯೋಕಾಗಲ್ಲ" ಅಂದರು ನನ್ನ ಹತ್ತಿರ. ಈ ಅಂಕಣ ಬರೀತಿರೋದಕ್ಕೆ ಆ ಮಾತೇ ಕಾರಣ.

ಅವರಿಗೆ ಆಗಿದ್ದು ಒಂದಲ್ಲ, ಎರಡು. ಮೊದಲಿನದು ಅಲರ್ಜಿಯೇ ಅಲ್ಲ. ಸೋಪು, ಆಸಿಡ್, ನೀರು ಸೇರಿ ಚರ್ಮದ ಮೇಲಿನ ಎಣ್ಣೆಪದರವನ್ನು ತೊಳೆದುಹಾಕಿದಾಗ ಯಾರ ಕೈಯಾದರೂ ಬಿರಿಯುತ್ತೆ. ಎಷ್ಟು ಹೆಚ್ಚು ತಾಗುತ್ತೋ ಅಷ್ಟು ಹೆಚ್ಚು ಹಾನಿ, ಅಷ್ಟೇ. ಎರಡನೆಯದು ಅಲರ್ಜಿ. ಅದು ಎಲ್ಲರಿಗೂ ಆಗಲ್ಲ. ಆದವರಿಗೆ ಮಾತ್ರ ಚೂರು ತಾಗಿದರೂ ಸಾಕು. ಮೊದಲನೆಯದು ಎರಡನೆಯದಕ್ಕೆ ಬಾಗಿಲು ತೆಗೆದುಕೊಡುತ್ತೆ. ಬಿರಿದ ಚರ್ಮದೊಳಗೆ ರಾಸಾಯನಿಕ ಸುಲಭವಾಗಿ ಇಳಿಯುತ್ತೆ. ಗ್ಲೌಸಿನೊಳಗೆ ಕೈ ಬೆವರಿ ಒದ್ದೆಯಾದರಂತೂ ಇನ್ನೂ ಸುಲಭ.

ರಬ್ಬರಲ್ಲಿ ಏನಿರುತ್ತೆ ಅಂತ ಕೇಳಬಹುದು. ಮರದಿಂದ ಬರೋ ಹಾಲು ತಾನೇ? ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು. ಬೆಳಬೆಳಗ್ಗೆ ಟ್ಯಾಪಿಂಗ್ ಮಾಡಿ, ಚಿಪ್ಪಿನಲ್ಲಿ ಹಾಲು ಹಿಡಿದು, ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ಶೀಟು ಮಾಡಿ ಒಣಗಿಸ್ತಾರೆ. ಆದರೆ ಆ ಶೀಟಿನಿಂದ ನೇರವಾಗಿ ಚಪ್ಪಲಿ ಮಾಡೋಕಾಗಲ್ಲ. ಬಿಸಿಲಿಗೆ ಅಂಟಂಟಾಗುತ್ತೆ, ಚಳಿಗೆ ಸೆಟೆದುಕೊಳ್ಳುತ್ತೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಸೇರಿಸಿ ಬಿಸಿ ಮಾಡಿದರೆ ಅದು ಗಟ್ಟಿಯಾಗಿ, ಎಳೆದರೂ ಮತ್ತೆ ತನ್ನ ಆಕಾರಕ್ಕೆ ಬರುತ್ತೆ ಅಂತ ಕಂಡುಕೊಂಡ. ವಲ್ಕನೈಸಿಂಗ್ ಅಂತೀವಲ್ಲ, ನಮ್ಮ ಪಂಕ್ಚರ್ ಅಂಗಡಿ ಬೋರ್ಡುಗಳಲ್ಲೂ ಇರುತ್ತೆ, ಅದು ಇದೇ.

ಬರೀ ಗಂಧಕ ಹಾಕಿದರೆ ಆ ಕೆಲಸಕ್ಕೆ ಬಹಳ ಹೊತ್ತು ಹಿಡಿಯುತ್ತೆ. ಬೇಗ ಆಗಲಿ ಅಂತ ಆಮೇಲಾಮೇಲೆ ಕೆಲವು ರಾಸಾಯನಿಕಗಳನ್ನು ಸೇರಿಸೋಕೆ ಶುರುಮಾಡಿದರು. ಥೈಯುರಾಮ್, ಕಾರ್ಬಮೇಟ್, ಮರ್ಕ್ಯಾಪ್ಟೋಬೆಂಜೋಥಯಜೋಲ್ ಅನ್ನೋವು ಈ ಗುಂಪಿನವು. ಬಿಸಿಲು ಗಾಳಿಗೆ ರಬ್ಬರ್ ಬಿರಿಯದಿರಲಿ ಅಂತ ಇನ್ನೊಂದು ಗುಂಪಿನ ರಾಸಾಯನಿಕ ಸೇರಿಸ್ತಾರೆ. ಟೈರಿನಂಥ ಕಪ್ಪು ರಬ್ಬರಿನಲ್ಲಿ ಇದು ಹೆಚ್ಚು. ತಯಾರಾದ ಮೇಲೂ ಇವೆಲ್ಲ ರಬ್ಬರಿನಲ್ಲಿ ಒಂದಿಷ್ಟು ಉಳಿದುಕೊಳ್ಳುತ್ತವೆ. ಬೆವರು ಸೇರಿದಾಗ ಹೊರಗೆ ಬಂದು ಚರ್ಮಕ್ಕಿಳಿಯುತ್ತವೆ. ಗ್ಲೌಸು, ಚಪ್ಪಲಿ, ಶೂ ಒಳಗಿನ ಅಟ್ಟೆ, ಒಳ ಉಡುಪಿನ ಲಾಸ್ಟಿಕ್ಕು, ಈಜೋವಾಗ ಹಾಕೋ ಕನ್ನಡಕ, ಸ್ಕೂಟರ್ ಹ್ಯಾಂಡಲ್ಲಿನ ಹಿಡಿ, ಎಲ್ಲದರಲ್ಲೂ ಇವು ಇರಬಹುದು.

ಲಾಸ್ಟಿಕ್‌ನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಹೊಸದಾಗಿದ್ದಾಗ ಏನೂ ಮಾಡದ ಲಾಸ್ಟಿಕ್ಕು ಬ್ಲೀಚ್ ಹಾಕಿ ಒಗೆದ ಮೇಲೆ ತುರಿಕೆ ತರೋದುಂಟು. ಬ್ಲೀಚಿನ ಕ್ಲೋರಿನ್ ರಬ್ಬರಿನಲ್ಲಿರೋ ಕಾರ್ಬಮೇಟಿನ ಜೊತೆ ಸೇರಿ ಅಲರ್ಜಿ ತರುವ ಬೇರೆಯದೇ ಪದಾರ್ಥವಾಗುತ್ತೆ. ಬಿಳಿ ಒಳಬಟ್ಟೆಗಳನ್ನು ಬ್ಲೀಚಲ್ಲಿ ನೆನೆಸೋ ಅಭ್ಯಾಸ ಇರೋರು ಇದನ್ನು ನೆನಪಿಡಿ.

"ಹತ್ತು ವರ್ಷದಿಂದ ಇದೇ ಥರದ ಚಪ್ಪಲಿ ಹಾಕ್ತಿದೀನಿ, ಈಗ್ಯಾಕೆ ಅಲರ್ಜಿ?" ಅಂತ ಎಲ್ಲರೂ ಕೇಳ್ತಾರೆ. ಮೈಯೊಳಗೆ ಕಾವಲು ಕಾಯೋ ಬಿಳಿ ರಕ್ತಕಣಗಳು ಮೊದಲ ಸಲ ಆ ರಾಸಾಯನಿಕವನ್ನು ನೋಡಿದಾಗ ಸುಮ್ಮನಿರುತ್ತವೆ. ಯಾವಾಗಲೋ ಒಮ್ಮೆ, ವಾರಗಳಾದ ಮೇಲೋ ವರ್ಷಗಳಾದ ಮೇಲೋ, ಅದನ್ನು ಶತ್ರು ಅಂತ ಗುರುತು ಹಾಕಿಕೊಳ್ಳುತ್ತವೆ. ಆ ಗುರುತು ಸಾಮಾನ್ಯವಾಗಿ ಜೀವನಪೂರ್ತಿ ಅಳಿಯಲ್ಲ. ಅಲ್ಲಿಂದಾಚೆ ಅದೇ ಪದಾರ್ಥ ತಾಗಿದಾಗಲೆಲ್ಲ ದಾಳಿ. ಅದೂ ತಕ್ಷಣ ಅಲ್ಲ, ಒಂದೆರಡು ದಿನ ಬಿಟ್ಟು. ಭಾನುವಾರ ಹಾಕಿದ ಗ್ಲೌಸಿಗೆ ಮಂಗಳವಾರ ತುರಿಕೆ ಬಂದರೆ ನಾವು ಮಂಗಳವಾರ ತಿಂದ ಬದನೆಕಾಯಿಗೇ ಬೈಯೋದು ಸಹಜ ತಾನೇ?

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು, ಯಾಕಂದರೆ ಇದರಲ್ಲಿ ಜೀವದ ಪ್ರಶ್ನೆ ಇದೆ. ರಬ್ಬರ್ ಹಾಲಿನಲ್ಲೇ ಇರೋ ಪ್ರೋಟೀನಿಗೆ ಕೆಲವರಿಗೆ ಅಲರ್ಜಿ ಇರುತ್ತೆ. ಅದಕ್ಕೆ ಲೇಟೆಕ್ಸ್ ಅಲರ್ಜಿ ಅಂತಾರೆ. ಅದು ಎರಡು ದಿನ ಕಾಯಲ್ಲ. ಬಲೂನು ಊದಿದ ಕೂಡಲೇ ತುಟಿ ಊದಿಕೊಳ್ಳೋದು, ಗ್ಲೌಸ್ ಹಾಕಿದ ಹತ್ತಾರು ನಿಮಿಷದಲ್ಲೇ ಗಂಧೆ ಏಳೋದು, ಸೀನು, ಉಬ್ಬಸ, ಕೆಲವರಿಗೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ. ಇಂಥವರಲ್ಲಿ ಕೆಲವರಿಗೆ ಬಾಳೆಹಣ್ಣು, ಕಿವಿ, ಬೆಣ್ಣೆಹಣ್ಣು, ಪರಂಗಿ ತಿಂದಾಗಲೂ ಬಾಯಿ ತುರಿಸುತ್ತೆ. ನರ್ಸುಗಳಲ್ಲಿ, ಪದೇ ಪದೇ ಆಪರೇಷನ್ ಆದ ಮಕ್ಕಳಲ್ಲಿ ಇದು ಹೆಚ್ಚು. ಗ್ಲೌಸಿಗೆ ಹಾಕೋ ಜೋಳದ ಪುಡಿ ಈ ಪ್ರೋಟೀನನ್ನು ಗಾಳಿಗೂ ಹರಡುತ್ತೆ ಅಂತ ಗೊತ್ತಾಗಿ ಅಮೆರಿಕದಲ್ಲಿ 2017ರ ಜನವರಿಯಿಂದ ಪುಡಿ ಹಾಕಿದ ವೈದ್ಯಕೀಯ ಗ್ಲೌಸುಗಳನ್ನೇ ನಿಷೇಧಿಸಿದರು. ನಿಮ್ಮ ಮನೆಯಲ್ಲಿ ಯಾರಿಗಾದರೂ ಬಲೂನಿನಿಂದ ಹೀಗಾಗಿದ್ದರೆ ಹಲ್ಲು ಕೀಳಿಸೋದಕ್ಕಾಗಲಿ, ಹೆರಿಗೆಗಾಗಲಿ, ಆಪರೇಷನ್ನಿಗಾಗಲಿ ಹೋದಾಗ ಡಾಕ್ಟರಿಗೆ ಮೊದಲೇ ಹೇಳಿ. ಅವರು ಕೇಳದಿದ್ದರೂ ನೀವೇ ಹೇಳಿ.

ಈಗ ಚಪ್ಪಲಿಯ ಇನ್ನೊಂದು ಕಥೆ. ಕೆಲವರಿಗೆ ಪಾದದ ಮೇಲೆ ಬಾರಿನ ಆಕಾರದಲ್ಲೇ ಬಿಳಿ ಮಚ್ಚೆ ಬರುತ್ತೆ. ತುರಿಕೆ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಹೆಣ್ಣುಮಕ್ಕಳಿಗೆ ಹಣೆಯಲ್ಲಿ ಸ್ಟಿಕರ್ ಬೊಟ್ಟು ಇಡೋ ಜಾಗದಲ್ಲಿ ಸರಿಯಾಗಿ ಅಷ್ಟೇ ದುಂಡಗೆ ಬಿಳುಪು. ಕಂಡ ಕೂಡಲೇ ಮನೆಯಲ್ಲಿ ಎಲ್ಲರ ಎದೆ ಧಸಕ್ ಅನ್ನುತ್ತೆ, "ತೊನ್ನು!" ಮದುವೆಗೆ ಬಂದ ಹುಡುಗಿಯಾದರಂತೂ ವಿಷಯ ಹೊರಗೆ ಹೋಗದ ಹಾಗೆ ಉದ್ದ ಸೀರೆ, ಸಾಕ್ಸು, ಗುಟ್ಟಾಗಿ ನಾಟಿ ಔಷಧಿ. ಡಾಕ್ಟರ ಹತ್ತಿರ ಹೋಗೋದಕ್ಕೂ ನಾಚಿಕೆ.

ಇದರ ಚರಿತ್ರೆ ಕೇಳಿ. 1939ರಲ್ಲಿ ಅಮೆರಿಕದ ಒಂದು ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ ಕೆಲಸಗಾರರ ಕೈ ಬೆಳ್ಳಗಾಗತೊಡಗಿತು. ವೈದ್ಯರು ಹುಡುಕಿ ನೋಡಿದರೆ, ಅವರು ಹಾಕಿಕೊಳ್ತಿದ್ದ ರಬ್ಬರ್ ಗ್ಲೌಸಿನಲ್ಲಿ ರಬ್ಬರ್ ಹಾಳಾಗದಿರಲಿ ಅಂತ ಸೇರಿಸಿದ್ದ ಹೈಡ್ರೋಕ್ವಿನೋನಿನ ಮಾನೋಬೆಂಜೈಲ್ ಈಥರ್ ಅನ್ನೋ ಪದಾರ್ಥ ಚರ್ಮಕ್ಕೆ ಬಣ್ಣ ಕೊಡೋ ಜೀವಕೋಶಗಳನ್ನೇ ಕೊಲ್ಲುತ್ತಿತ್ತು. ಸ್ಟಿಕರ್ ಬೊಟ್ಟಿನ ಅಂಟಿನಲ್ಲಿ ಬರುವ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್ ಕೂಡ ಇದೇ ಕೆಲಸ ಮಾಡುತ್ತೆ. ಶೂ, ಚಪ್ಪಲಿ ಅಂಟಿಸೋ ಗೋಂದಿನಲ್ಲೂ ಇದರಿಂದ ತಯಾರಾದ ರಾಳ ಇರುತ್ತೆ.

ಹಾಗಾಗಿ ಮಚ್ಚೆ ಬಾರಿನ ಆಕಾರದಲ್ಲೋ ಬೊಟ್ಟಿನ ಆಕಾರದಲ್ಲೋ ಇದ್ದರೆ ಅವತ್ತೇ ಆ ವಸ್ತು ಬಿಟ್ಟು ಚರ್ಮದ ಡಾಕ್ಟರ ಹತ್ತಿರ ಹೋಗಿ. ಹೋಗುವಾಗ ಆ ಚಪ್ಪಲಿ, ಆ ಬೊಟ್ಟಿನ ಪ್ಯಾಕೆಟ್ಟು ಜೊತೆಗೆ ತಗೊಂಡು ಹೋಗಿ. ಬೇಗ ಗುರುತಿಸಿ ನಿಲ್ಲಿಸಿದರೆ ಎಷ್ಟೋ ಜನರಿಗೆ ಬಣ್ಣ ಮರಳುತ್ತೆ. ಎಲ್ಲರಿಗೂ ಅಂತ ಹೇಳೋಕಾಗಲ್ಲ, ಕೆಲವರಿಗೆ ಬೇರೆ ಕಡೆಗೂ ಹರಡಬಹುದು. ಅದಕ್ಕೇ ತಡ ಮಾಡಬಾರದು. ಇನ್ನೊಂದು ಮಾತು. ಅದು ನಿಜವಾಗಿ ತೊನ್ನೇ ಆಗಿದ್ದರೂ ಅಂಟುರೋಗ ಅಲ್ಲ. ಬಚ್ಚಿಟ್ಟುಕೊಂಡು ಕಳೆಯೋ ತಿಂಗಳುಗಳಲ್ಲಿ ಚಿಕಿತ್ಸೆಯ ಒಳ್ಳೆ ಸಮಯ ಹೋಗಿಬಿಡುತ್ತೆ.

ಮನೆ ಕಟ್ಟಿಸ್ತಿರೋರು ಗಾರೆ ಕೆಲಸದವರ ಕೈ ಒಮ್ಮೆ ನೋಡಿ. ಹಸಿ ಸಿಮೆಂಟು ಸುಣ್ಣದ ಹಾಗೆ ಕ್ಷಾರ, ಅದೇ ಚರ್ಮ ಸುಡುತ್ತೆ. ಅದರ ಜೊತೆಗೆ ಸಿಮೆಂಟಿನಲ್ಲಿ ಕ್ರೋಮಿಯಂ ಇರುತ್ತೆ. ಗೂಡಿನ ಬೆಂಕಿಯಲ್ಲಿ ಅದರ ಒಂದಷ್ಟು ಭಾಗ ನೀರಿನಲ್ಲಿ ಕರಗಿ ಚರ್ಮದೊಳಗೆ ಇಳಿಯೋ ರೂಪಕ್ಕೆ ತಿರುಗುತ್ತೆ, ಹೆಕ್ಸಾವೇಲೆಂಟ್ ಕ್ರೋಮಿಯಂ ಅಂತ. ಇದಕ್ಕೆ ಅಲರ್ಜಿ ಬಂದ ಮೇಸ್ತ್ರಿಗೆ ಕೆಲಸ ಬಿಟ್ಟರೂ ಕೆಲವೊಮ್ಮೆ ಪೂರ್ತಿ ಬಿಡುಗಡೆ ಸಿಗಲ್ಲ. ಯಾಕಂದರೆ ಅಂಗಡಿಯಲ್ಲಿ ಸಿಗೋ ಚರ್ಮದ ಚಪ್ಪಲಿ, ಶೂಗಳಲ್ಲಿ ಹೆಚ್ಚಿನವು ಕ್ರೋಮಿಯಂ ಲವಣದಲ್ಲೇ ಹದ ಮಾಡಿದವು. ಕೈಗೆ ಅಂಟಿದ ಅಲರ್ಜಿ ಕಾಲಿಗೂ ಬರುತ್ತೆ.

ಇದಕ್ಕೆ ಪರಿಹಾರ ಇಲ್ಲವಾ? ಇದೆ. ಸಿಮೆಂಟಿಗೆ ಸ್ವಲ್ಪ ಫೆರಸ್ ಸಲ್ಫೇಟ್ ಸೇರಿಸಿದರೆ ಈ ಕ್ರೋಮಿಯಂ ಚರ್ಮಕ್ಕೆ ಅಷ್ಟಾಗಿ ಇಳಿಯದ ರೂಪಕ್ಕೆ ಬದಲಾಗುತ್ತೆ. ಯುರೋಪಿನ ಒಕ್ಕೂಟ 2005ರ ಜನವರಿಯಿಂದ ಸಿಮೆಂಟಿನಲ್ಲಿ ಕರಗೋ ಹೆಕ್ಸಾವೇಲೆಂಟ್ ಕ್ರೋಮಿಯಂ ಹತ್ತು ಲಕ್ಷಕ್ಕೆ 2 ಭಾಗ ಮೀರಬಾರದು ಅಂತ ಕಟ್ಟುನಿಟ್ಟು ಮಾಡಿತು. ಡೆನ್ಮಾರ್ಕ್, ಫಿನ್‌ಲೆಂಡ್ ಅದಕ್ಕೂ ಮೊದಲೇ, 1980ರ ದಶಕದಲ್ಲೇ ಈ ಕ್ರಮ ತಂದಿದ್ದವು. ಆಮೇಲೆ ಅಲ್ಲಿ ಗಾರೆ ಕೆಲಸದವರಲ್ಲಿ ಕ್ರೋಮಿಯಂ ಅಲರ್ಜಿ ಇಳಿಯಿತು. ಕೆಲಸಗಾರನ ಚರ್ಮ ಉಳಿಸೋಕೆ ಅವನಿಗೇ ಬುದ್ಧಿ ಹೇಳ್ತಾ ಕೂರೋದಕ್ಕಿಂತ ಮೂಟೆಯೊಳಗಿನ ಪದಾರ್ಥವನ್ನೇ ಬದಲಾಯಿಸಬಹುದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?

ಸರಿ, ಯಾವ ಪದಾರ್ಥಕ್ಕೆ ಅಲರ್ಜಿ ಅಂತ ತಿಳಿಯೋದು ಹೇಗೆ? ಪ್ಯಾಚ್ ಟೆಸ್ಟ್ ಅಂತ ಒಂದು ಪರೀಕ್ಷೆ ಇದೆ. 1895ರಲ್ಲಿ ಯೋಸೆಫ್ ಯಾಡಸೋನ್ ಅನ್ನೋ ಜರ್ಮನ್ ವೈದ್ಯ ಮೊದಲು ತೋರಿಸಿಕೊಟ್ಟಿದ್ದು. ಇವತ್ತಿಗೂ ಅದಕ್ಕಿಂತ ಒಳ್ಳೆ ದಾರಿ ಬಂದಿಲ್ಲ. ಬೆನ್ನಿನ ಮೇಲೆ ಸಣ್ಣ ಸಣ್ಣ ಬಟ್ಟಲುಗಳಿರೋ ಪಟ್ಟಿ ಅಂಟಿಸ್ತಾರೆ, ಒಂದೊಂದರಲ್ಲಿ ಒಂದೊಂದು ಪದಾರ್ಥ. ಭಾರತದವರಿಗೆ ಅಂತ ರೂಪಿಸಿದ ಪಟ್ಟಿಯಲ್ಲಿ ರಬ್ಬರ್ ರಾಸಾಯನಿಕ, ಕ್ರೋಮಿಯಂ, ನಿಕಲ್, ಎಪಾಕ್ಸಿ ರಾಳದ ಜೊತೆಗೆ ನಮ್ಮ ಕಾಂಗ್ರೆಸ್ ಹುಲ್ಲೂ ಇದೆ. 48 ಗಂಟೆ ಬಿಟ್ಟು ಪಟ್ಟಿ ತೆಗೆದು ನೋಡ್ತಾರೆ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡ್ತಾರೆ. ಎಲ್ಲಿ ಕೆಂಪಾಗಿ ಉಬ್ಬಿದೆಯೋ ಅದೇ ಕಳ್ಳ. ಅಷ್ಟು ದಿನ ಬೆನ್ನಿಗೆ ನೀರು ಹಾಕಬಾರದು, ಬೆವರು ಬರೋ ಕೆಲಸ ಮಾಡಬಾರದು. ದೊಡ್ಡ ಆಸ್ಪತ್ರೆಗಳ, ವೈದ್ಯಕೀಯ ಕಾಲೇಜುಗಳ ಚರ್ಮ ವಿಭಾಗದಲ್ಲಿ ಕೇಳಿ ನೋಡಿ.

ರಕ್ತ ಕೊಟ್ಟು ಮಾಡಿಸೋ ಅಲರ್ಜಿ ಪರೀಕ್ಷೆಯಿಂದ ಈ ಥರದ ಅಲರ್ಜಿ ತಿಳಿಯಲ್ಲ. ಅದು ಬೇರೆ ಜಾತಿಯ, ತಕ್ಷಣ ಆಗೋ ಅಲರ್ಜಿಗೆ. ಸಾವಿರಾರು ರೂಪಾಯಿ ಕೊಟ್ಟು, ಬಂದ ರಿಪೋರ್ಟಿನ ಪ್ರಕಾರ ತೊಗರಿಬೇಳೆ, ಟೊಮೇಟೊ ಎಲ್ಲ ಬಿಟ್ಟು ಕೂರೋ ಮುಂಚೆ ಇದನ್ನು ಡಾಕ್ಟರ ಹತ್ತಿರ ಕೇಳಿಕೊಳ್ಳಿ.

ಮೆಡಿಕಲ್ ಶಾಪಿನಲ್ಲಿ "ತುರಿಕೆಗೆ ಏನಾದ್ರೂ ಕೊಡಿ" ಅಂತ ಕೇಳಿ ತರೋ ಟ್ಯೂಬಿನ ಬಗ್ಗೆಯೂ ಎಚ್ಚರ. ಅದರಲ್ಲಿ ಸ್ಟೆರಾಯ್ಡ್, ಫಂಗಸ್ ಔಷಧಿ, ಆ್ಯಂಟಿಬಯೋಟಿಕ್ ಮೂರೂ ಸೇರಿರುತ್ತೆ. ಎರಡು ದಿನಕ್ಕೆ ತುರಿಕೆ ನಿಲ್ಲುತ್ತೆ, ಬಿಟ್ಟರೆ ಇಮ್ಮಡಿಯಾಗಿ ಬರುತ್ತೆ, ಚರ್ಮ ತೆಳುವಾಗುತ್ತೆ. ಅದರಲ್ಲಿರೋ ನಿಯೋಮೈಸಿನ್ನಿಗೇ ಕೆಲವರಿಗೆ ಅಲರ್ಜಿ. ಡಾಕ್ಟರು ಸ್ಟೆರಾಯ್ಡ್ ಮುಲಾಮು ಬರೆದುಕೊಟ್ಟರೆ ಹೆದರೋದು ಬೇಡ, ಅವರು ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿ ನಿಲ್ಲಿಸಿ.

ಗ್ಲೌಸಿನ ವಿಚಾರ. ರಬ್ಬರ್ ರಾಸಾಯನಿಕಕ್ಕೆ ಅಲರ್ಜಿ ಇದ್ದರೆ ಸಾಮಾನ್ಯವಾಗಿ ವಿನೈಲ್ ಅಂದರೆ ಪಿವಿಸಿ ಗ್ಲೌಸ್ ಆಗುತ್ತೆ. ನೈಟ್ರೈಲ್ ಗ್ಲೌಸಿನಲ್ಲಿ ಲೇಟೆಕ್ಸ್ ಪ್ರೋಟೀನ್ ಇರಲ್ಲ ನಿಜ, ಆದರೆ ಹೆಚ್ಚಿನವುಗಳಲ್ಲಿ ಅದೇ ಕಾರ್ಬಮೇಟಿನಂಥ ರಾಸಾಯನಿಕ ಇರುತ್ತೆ. ಹಾಗಾಗಿ ಅದು ಎಲ್ಲರಿಗೂ ಮದ್ದಲ್ಲ. ಒಳಗೆ ತೆಳು ಹತ್ತಿಯ ಗ್ಲೌಸ್ ಹಾಕಿಕೊಂಡು ಮೇಲೆ ವಿನೈಲ್ ಹಾಕಬೇಕು. ಒಳಗೆ ಒದ್ದೆಯಾದರೆ ಬದಲಾಯಿಸಬೇಕು. ಅರ್ಧ ಗಂಟೆಗೊಮ್ಮೆ ತೆಗೆದು ಕೈಗೆ ಗಾಳಿ ಆಡಿಸಬೇಕು. ಕೆಲಸ ಮುಗಿದ ಮೇಲೆ ಕೈ ಒರೆಸಿ ಕೊಬ್ಬರಿ ಎಣ್ಣೆಯೋ ಪೆಟ್ರೋಲಿಯಂ ಜೆಲ್ಲಿಯೋ ಹಚ್ಚಬೇಕು. ಮಲಗೋವಾಗ ಇನ್ನೊಂದು ಸಲ.

ಕಾರ್ಖಾನೆಯಲ್ಲಿ ಕೆಲಸ ಮಾಡೋರಿಗೆ ಒಂದು ಮಾತು. ಕೆಲಸದಿಂದ ಬರೋ ಚರ್ಮರೋಗ ನಮ್ಮ ದೇಶದ ಕಾನೂನಿಗೆ ಹೊಸದಲ್ಲ. 1948ರ ಫ್ಯಾಕ್ಟರಿ ಕಾಯ್ದೆಯ ರೋಗಗಳ ಪಟ್ಟಿಯಲ್ಲೇ ಕ್ರೋಮಿಯಂ ಹುಣ್ಣು, ಎಣ್ಣೆಯಿಂದ ಬರೋ ಚರ್ಮರೋಗ, ರಾಸಾಯನಿಕ ಮತ್ತು ಬಣ್ಣ ತಾಗಿ ಬರೋ ಚರ್ಮರೋಗದ ಹೆಸರಿತ್ತು. ಹಾಗಾಗಿ ಇಎಸ್‌ಐ ಡಾಕ್ಟರ ಮುಂದೆ ಬರೀ "ತುರಿಕೆ" ಅಂತ ಹೇಳಿ ಬರಬೇಡಿ. ಏನು ಕೆಲಸ ಮಾಡ್ತೀರಿ, ಕೈಗೆ ಏನೇನು ತಾಗುತ್ತೆ, ರಜೆಯಲ್ಲಿ ಕಡಿಮೆಯಾಗುತ್ತಾ, ಕೆಲಸಕ್ಕೆ ಹೋದ ಮೇಲೆ ಮತ್ತೆ ಬರುತ್ತಾ, ಎಲ್ಲ ಹೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ರಜೆಯಲ್ಲಿ ವಾಸಿಯಾಗಿ ಡ್ಯೂಟಿಗೆ ಮರಳಿದ ಮೇಲೆ ಮತ್ತೆ ಬರೋ ಕಜ್ಜಿ ಅಂದರೆ ಕೆಲಸದ ಜಾಗದಲ್ಲಿ ಏನೋ ತಾಗ್ತಿದೆ ಅನ್ನೋದಕ್ಕೆ ಅದೇ ದೊಡ್ಡ ಸುಳಿವು.

ಮನೆಗೆಲಸದವರಿಗೆ ಇಎಸ್‌ಐ ಚೀಟಿ ಎಲ್ಲಿಂದ ಬರಬೇಕು? ಅವರ ಕಾರ್ಖಾನೆ ಅಂದರೆ ನಮ್ಮ ನಿಮ್ಮ ಅಡಿಗೆಮನೆ. ನಾನು ಹೇಳಿದ ಆ ಅಕ್ಕನಿಗೆ ಪ್ಯಾಚ್ ಟೆಸ್ಟಿನಲ್ಲಿ ಥೈಯುರಾಮ್ ಅಂತ ಬಂತು. ಹಳದಿ ಗ್ಲೌಸ್ ಹೋಗಿ ವಿನೈಲ್ ಬಂತು. ಕೈ ಪೂರ್ತಿ ತಿಳಿಯಾಗೋಕೆ ಹೆಚ್ಚುಕಡಿಮೆ ಎರಡು ತಿಂಗಳು ಹಿಡೀತು. ಬಿಡಿಸಿದ್ದ ಎರಡು ಮನೆಯಲ್ಲಿ ಒಂದು ಮನೆಯವರು ಮತ್ತೆ ಕರೆದರು, ಇನ್ನೊಂದು ಮನೆಯವರು ಕರೆಯಲಿಲ್ಲ. ಆ ಮನೆಯ ಸಂಬಳದ ಜಾಗ ತುಂಬೋಕೆ ಅವರು ಈಗ ಸಂಜೆ ಇನ್ನೊಂದು ಬಡಾವಣೆಗೆ ನಡೆದುಹೋಗ್ತಾರೆ.

ಅಲರ್ಜಿಯಿಂದ ಬರೋ ಇಸಬು ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ಲೋಟದಿಂದ ಅಂಟಲ್ಲ, ಪಾತ್ರೆಯಿಂದ ಅಂಟಲ್ಲ, ಕೈ ಹಿಡಿದರೂ ಅಂಟಲ್ಲ. ನಿಮ್ಮ ಮನೆಗೆ ಬರೋರ ಕೈ ಬಿರಿದಿದ್ದರೆ ಒಂದು ಜೊತೆ ವಿನೈಲ್ ಗ್ಲೌಸು, ಒಳಗೆ ಹಾಕೋಕೆ ಎರಡು ಜೊತೆ ಹತ್ತಿ ಗ್ಲೌಸು ತಂದಿಡಿ. ಆಸಿಡ್ ಬಾಟಲಿ ಅವರ ಕೈಗೆ ಕೊಡಬೇಡಿ. ಆಸ್ಪತ್ರೆಗೆ ಹೋಗೋಕೆ ಒಂದು ದಿನ ರಜೆ ಕೊಡಿ, ಆ ದಿನದ ಸಂಬಳ ಹಿಡೀಬೇಡಿ. ಪ್ಯಾಚ್ ಟೆಸ್ಟ್ ಅಂದರೆ ಒಂದೇ ವಾರದಲ್ಲಿ ಮೂರು ಸಲ ಹೋಗಿಬರಬೇಕಾಗಬಹುದು, ಪಟ್ಟಿ ಬೆನ್ನ ಮೇಲಿದ್ದಾಗ ನೆಲ ಒರೆಸೋಕೂ ಆಗಲ್ಲ. ಆ ವಾರ ನಿಮ್ಮ ಮನೆಯ ಪಾತ್ರೆ ನೀವೇ ತೊಳೆದುಕೊಳ್ಳಿ.